ಹೇರು ಹೊತ್ತ ಗಾಡಿಗೇ ಅಳತೆ

“ಖಾಲಿ ಗಾಡಿ ತಂದು ಮಟ್ಟ ಮಾಡು ಅಂದ್ರೆ ಹೆಂಗಯ್ಯಾ? ಗಾಜೆಲ್ಲಿ?”

“ಗಾಜು ಕಟ್ಕೊಂಡು ನಿಮಗೇನ್ರೀ? ಮೂತಿ ಬಗ್ಗಿದೆ, ಎತ್ತಿ ಕೊಡಿ. ಕಣ್ಣು ಕಾಣಲ್ವಾ?”

“ಕಾಣೋದಕ್ಕೇ ಕೇಳ್ತಿರೋದು. ಖಾಲಿ ಗಾಡಿ ಓಡ್ಸಿ ಹೊಟ್ಟೆ ಹೊರ್ಕೊಳ್ತೀಯೇನು? ಹೋಗು, ಹೇರ್ಕೊಂಡು ಬಾ!”

ಬೀದಿಗೆ ಇನ್ನೂ ಸರಿಯಾಗಿ ಬೆಳಕು ಬಿದ್ದಿಲ್ಲ. ಎರಡು ಗಾಡಿ ನಿಂತರೆ ಮೂರನೆಯದಕ್ಕೆ ಜಾಗವಿಲ್ಲದ ತಗಡಿನ ಶೆಡ್ಡಿನಲ್ಲಿ ಮೇಸ್ತ್ರಿಯ ಗಂಟಲು ಮಾತ್ರ ಎದ್ದಿದೆ. ಎದುರಿಗಿರುವ ಪಿಕಪ್ಪಿಗೆ ಇಪ್ಪತ್ತೆರಡು ವರ್ಷ. ಅದರ ಮಾಲೀಕ ಕಿಟಕಿ ಗಾಜು ಸಾಗಿಸುವವನು. ಒಂದೇ ತಿಂಗಳಲ್ಲಿ ಹನ್ನೊಂದು ಗಾಜು ದಾರಿಯಲ್ಲೇ ಒಡೆದಿವೆ. ಇನ್ನೊಂದು ಒಡೆದರೆ ಬೇರೆ ಗಾಡಿ ಗೊತ್ತುಮಾಡುತ್ತೇವೆ ಎಂದು ಕಾರ್ಖಾನೆಯವರು ಮುಖಕ್ಕೆ ಹೇಳಿಬಿಟ್ಟಿದ್ದಾರೆ. ಅದಕ್ಕೇ ಅವನು ಮರಳು ಲಾರಿಗೆ ಹಾಕುವಂಥ ದಪ್ಪನೆಯ ಶಾಕ್‌ಗಳನ್ನು, ಅಂದರೆ ಗಾಡಿಯ ಕುಲುಕು ತಡೆಯುವ ಕೊಳವೆಗಳನ್ನು, ಕಂಕುಳಲ್ಲಿ ಇಟ್ಟುಕೊಂಡೇ ಬಂದಿದ್ದಾನೆ.

“ಗಾಜು ಭಾರಕ್ಕೆ ಒಡೆಯಲ್ಲ, ಕುಲುಕಿಗೆ ಒಡೆಯುತ್ತೆ. ಈಗ್ಲೇ ಯಾವನೋ ಪುಣ್ಯಾತ್ಮ ಹಿಂದೆ ಒಂದು ಕಮಾನು ಪಟ್ಟಿ ಜಾಸ್ತಿ ತುರುಕಿದಾನೆ. ಗಾಡಿ ಕಪ್ಪೆ ಥರ ನೆಗೀತಿದೆ. ಇನ್ನೂ ಗಟ್ಟಿ ಮಾಡಿದ್ರೆ ಗಾಜಲ್ಲ, ಗಾಜಿನ ಪುಡಿ ಸಾಗಿಸ್ತೀಯ.”

ಅಳತೆ ಬರೆದುಕೊಳ್ಳಲು ಸೀಮೆಸುಣ್ಣ ಹಿಡಿದು ನಿಂತ ಮೇಸ್ತ್ರಿಯ ಹೆಂಡತಿ ನಡುವೆ ಬಾಯಿ ಹಾಕುತ್ತಾರೆ: “ಬೇಜಾರು ಮಾಡ್ಕೋಬೇಡಿ ಅಣ್ಣಾ. ಇವರ ಬಾಯಿಗೂ ಒಂದು ಶಾಕ್ ಹಾಕೋಣ ಅಂತಿದೀನಿ, ಅಳತೇದು ಸಿಗ್ತಿಲ್ಲ.”

ಗಾಜಿನವನು ಗೊಣಗುತ್ತ ಹೋಗಿ, ಹದಿನಾಲ್ಕು ಗಾಜು ನಿಲ್ಲಿಸಿಕೊಂಡು ಬರುತ್ತಾನೆ.

ಗಾಡಿಗೆ ಸ್ಪ್ರಿಂಗು, ಶಾಕ್ ಕೂರಿಸುವ ಈ ಕೆಲಸಕ್ಕೆ ಮೇಸ್ತ್ರಿ ಬಿದ್ದು ಇಪ್ಪತ್ತೇಳು ವರ್ಷ. ದಿನಕ್ಕೆ ಎರಡೇ ಗಾಡಿ, ಮೂರನೆಯದನ್ನು ಮುಟ್ಟುವುದಿಲ್ಲ. ಒಮ್ಮೆ ಅದುಮಿಟ್ಟ ಸ್ಪ್ರಿಂಗು ಚಿಮ್ಮಿ ಎಡಹೆಗಲ ಮೂಳೆ ಮುರಿದಿದೆ. ಆ ನೋವನ್ನು ಅವರು ನಗುತ್ತಲೇ ಹೇಳುತ್ತಾರೆ. ಹಾಲಿನ ಗಾಡಿಯ ಮಾತು ಬಂದರೆ ಮಾತ್ರ ನಗು ನಿಲ್ಲುತ್ತದೆ.

“ಆಗ ನಾನು ಹೊಸಬ. ಹಾಲಿನವನು ಖಾಲಿ ಗಾಡಿ ತಂದ, ಅವನು ಹೇಳಿದ ಹಾಗೇ ಮುಂದೆ ಎತ್ತಿ ಕೊಟ್ಟೆ. ನೋಡೋಕೆ ಲಕ್ಷಣವಾಗಿತ್ತು. ಕ್ಯಾನು ತುಂಬಿದ್ಮೇಲೆ ಹಿಂದೆ ಕುಸೀತು, ಮುಂದಿನ ಚಕ್ರಕ್ಕೆ ನೆಲ ಸರಿಯಾಗಿ ಸಿಗ್ಲಿಲ್ಲ. ತಿರುವಿನಲ್ಲಿ ಹಳ್ಳಕ್ಕೆ ಹೋಯ್ತು. ಹದಿನಾರು ದಿನ ಆಸ್ಪತ್ರೆಲಿದ್ದ. ಅವನು ನನ್ನನ್ನ ಬಯ್ಲಿಲ್ಲ. ಬೈದಿದ್ರೆ ಚೆನ್ನಾಗಿತ್ತು.”

ಅಂದಿನಿಂದ ಹೇರಿಲ್ಲದ ಗಾಡಿಗೆ ಅವರು ಅಳತೆಯ ದಾರ ಹಿಡಿದಿಲ್ಲ. ಚಕ್ರದ ನಡುವಿನಿಂದ ಮಡ್‌ಗಾರ್ಡಿನ ಅಂಚಿಗೆ ದಾರ ಎಳೆದು, ನಾಲ್ಕೂ ಮೂಲೆಯ ಎತ್ತರ ಹೇಳುತ್ತಾರೆ. ಹೆಂಡತಿ ಗೋಡೆಯ ಮೇಲೆ ಬರೆಯುತ್ತಾರೆ. ಆಮೇಲೆ ಗಾಜನ್ನೆಲ್ಲ ಇಳಿಸಿ ಗೋಡೆಗೆ ಒರಗಿಸಿ ಕೆಲಸ. ಮುಂದಿನ ಸೋತ ಸ್ಪ್ರಿಂಗು ತೆಗೆದು ಒಂದಿಷ್ಟು ಎತ್ತರದ್ದು ಕೂರಿಸುತ್ತಾರೆ. ಹಿಂದಿನ ಹೆಚ್ಚುವರಿ ಪಟ್ಟಿ ಹೊರಗೆ ಬರುತ್ತದೆ. ಶಾಕ್ ಆರಿಸುವುದು ಕಟ್ಟಕಡೆಗೆ, ಅದೂ ಮೆತ್ತನೆಯದು.

“ಗಾಡಿ ಎಷ್ಟೆತ್ತರ ನಿಲ್ಲುತ್ತೆ ಅಂತ ಸ್ಪ್ರಿಂಗು ಹೇಳ್ಬೇಕು. ಅದು ಹೇಳಿದ್ಮೇಲೆ ಶಾಕಿನ ಉದ್ದ ನೋಡೋದು. ಗಿಡ್ಡ ಆದ್ರೆ ಎಳೆದು ಹರಿಯುತ್ತೆ, ಉದ್ದ ಆದ್ರೆ ಕುಕ್ಕಿ ಸಾಯುತ್ತೆ.”

ಗಾಜು ಮತ್ತೆ ಏರಿದಾಗ ಪಿಕಪ್ಪು ನೀರಿನಂತೆ ಮಟ್ಟ ನಿಲ್ಲುತ್ತದೆ. ಖಾಲಿಯಾದಾಗ ಹಿಂಭಾಗ ಎರಡು ಬೆರಳು ಎತ್ತರ ಇರುತ್ತದೆ ಎಂದು ಮೇಸ್ತ್ರಿ ಹೇಳಿದ್ದೇ ತಡ, ಗಾಜಿನವನ ಪಿತ್ತ ನೆತ್ತಿಗೇರುತ್ತದೆ.

“ಕುಂಡಿ ಎತ್ಕೊಂಡು ಊರೆಲ್ಲ ತಿರುಗ್ಲಾ? ನನ್ನ ಶಾಕ್ ಹಾಕ್ಲಿಲ್ಲ, ನಾನು ಹೇಳಿದ್ದು ಒಂದೂ ಕೇಳ್ಲಿಲ್ಲ!”

“ನಗೋರು ನಗ್ಲಿ. ಗಾಜು ಉಳೀತಾ, ಅಷ್ಟು ನೋಡ್ಕೋ.”

ಅವನು ಚಾವಿ ಕಿತ್ತುಕೊಂಡು, ಹೋಗಿ ಬರ್ತೀನಿ ಎಂದೂ ಅನ್ನದೆ ಗಾಡಿ ಹೊರಡಿಸುತ್ತಾನೆ.

ಮೊದಲ ಮೂರು ದಿನ ಬೀದಿಯಲ್ಲಿ ಯಾವ ಗಾಡಿ ನಿಧಾನವಾದರೂ ಮೇಸ್ತ್ರಿಯ ಕೈಯ ಪಾನಾ ನಿಲ್ಲುತ್ತದೆ. ನಾಲ್ಕನೆಯ ಬೆಳಗ್ಗೆ ಅದೇ ಪಿಕಪ್ಪು ಹದಿನಾಲ್ಕು ಗಾಜು ಹೊತ್ತು ಶೆಡ್ಡಿನ ಮುಂದೆಯೇ ಹಾದುಹೋಗುತ್ತದೆ. ಮರುದಿನವೂ. ಇವತ್ತಿಗೆ ಹನ್ನೆರಡು ದಿನ. ಕಾರ್ಖಾನೆಯ ಹೇರು ಇನ್ನೂ ಅವನದೇ. ಅವನು ಈ ಕಡೆ ಕತ್ತು ಕೂಡ ಹೊರಳಿಸುವುದಿಲ್ಲ.

“ಒಂದು ಮಾತು ಆಡ್ಸಿ ಹೋದ್ರೆ ಗಂಟೇನು ಹೋಗುತ್ತೆ ಇವನಿಗೆ?” ಎಂದು ಹೆಂಡತಿ ಸಿಡುಕುತ್ತಾರೆ.

ಮೇಸ್ತ್ರಿ ನಿರಾಳವಾಗಿ ಉಸಿರು ಬಿಡುತ್ತಾರೆ. “ಬೇಡ ಕಣೇ, ನಿಲ್ಲಿಸೋದೇ ಬೇಡ. ನಮ್ಮ ಕೆಲಸದಲ್ಲಿ ವಾಪಸ್ ಬರೋನು ಬಯ್ಯೋಕೇ ಬರೋದು.”

ಗಾಜಿನವನು ಈವರೆಗೂ ಬಂದಿಲ್ಲ.