ಗಡಿಬಿಡಿಯಕ್ಕ ಕಾದು ಕೂತದ್ದು

ಗಡಿಬಿಡಿಯಕ್ಕ ಎನ್ನುವುದು ಹೆತ್ತವರು ಇಟ್ಟ ಹೆಸರಲ್ಲ, ಬೀದಿಯವರು ಇಟ್ಟದ್ದು. ಇಟ್ಟದ್ದರಲ್ಲಿ ತಪ್ಪೇನೂ ಇಲ್ಲ ಬಿಡಿ. ಬಸ್ಸಿನಲ್ಲಿ ಇಳಿಯುವ ಜಾಗ ಇನ್ನೂ ಎಲ್ಲೋ ಇರುವಾಗಲೇ ಎದ್ದು ಬಾಗಿಲ ಬಳಿ ನಿಲ್ಲುವವಳು ಅವಳು. ಊಟವನ್ನೂ ಓಡಾಡಿಕೊಂಡೇ ಮಾಡುವವಳು. ಒಂದು ಸಿನಿಮಾವನ್ನಾದರೂ ಕೊನೆತನಕ ನೋಡಿದ್ದುಂಟೇ ಎಂದು ಅವಳ ಗಂಡನನ್ನು ಕೇಳಿ. "ಮುಂದೇನಾಗುತ್ತೆ ಅಂತ ಗೊತ್ತಾಯ್ತಲ್ಲ, ಏಳಿ" ಎಂದು ಕತ್ತಲಲ್ಲಿ ಕಂಡವರ ಕಾಲು ತುಳಿದುಕೊಂಡು ಎಬ್ಬಿಸಿ ತಂದಿರುತ್ತಾಳೆ. ಪಾಪ, ಆತ ಲಾರಿ ಡ್ರೈವರು. ತಿಂಗಳಲ್ಲಿ ಮುಕ್ಕಾಲು ಪಾಲು ಹೊರಗೇ ಇರುತ್ತಾನೆ, ಅದಕ್ಕೇ ಸಂಸಾರ ನಡೆದಿದೆ ಎಂದು ಅಕ್ಕಪಕ್ಕದವರ ತಮಾಷೆ.

ಆದರೆ ಆ ಗಡಿಬಿಡಿಯೇ ಅವಳ ಅನ್ನ. ಮನೆಯ ಮುಂದಿನ ಕೋಣೆಯೇ ಹೊಲಿಗೆ ಅಂಗಡಿ. ಕಿಟಕಿಯ ಬಳಿ ಮಷೀನು, ನಡುವೆ ಬಟ್ಟೆ ಕತ್ತರಿಸುವ ಮೇಜು, ಗೋಡೆಯುದ್ದಕ್ಕೂ ತೂಗುಹಾಕಿದ ಶಾಲಾ ಯೂನಿಫಾರಂಗಳು. ನಾಳೆ ಶಾಲೆ ಶುರು ಎನ್ನುವಾಗ ಇವತ್ತು ಬಟ್ಟೆ ಹಿಡಿದು ಓಡಿಬರುವ ತಾಯಂದಿರನ್ನು ಬೇರೆ ಟೈಲರುಗಳು ಬಾಗಿಲಿನಿಂದಲೇ ಸಾಗಹಾಕಿದರೆ, ಇವಳು ಒಳಗೆ ಕರೆದು ಸಂಜೆಯೊಳಗೆ ಗುಂಡಿ ಹಾಕಿ, ಇಸ್ತ್ರಿ ಮಾಡಿ ಕೈಗಿಡುತ್ತಿದ್ದಳು. ಆತುರದಲ್ಲಿ ಒಂದು ಶರ್ಟಿಗೆ ಎರಡೂ ಎಡತೋಳನ್ನೇ ಹೊಲಿದು ಬೈಸಿಕೊಂಡದ್ದೂ ಉಂಟು. ಅದನ್ನು ಬಿಚ್ಚಿ ಸರಿಮಾಡಿದ್ದೂ ಅಷ್ಟೇ ಬೇಗ.

ಅವಳಿಗೆ ಮಕ್ಕಳಿರಲಿಲ್ಲ. ತಂಗಿಯ ಮಗಳು ಒಬ್ಬಳಿದ್ದಳು, ಎರಡನೇ ಕ್ಲಾಸಿನವಳು. ತಂಗಿಗೆ ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸವಾದ್ದರಿಂದ ಮಗು ಬೆಳೆದದ್ದೆಲ್ಲ ದೊಡ್ಡಮ್ಮನ ಅಂಗಡಿಯಲ್ಲಿ, ಚಿಂದಿ ಬಟ್ಟೆಗಳ ನಡುವೆ. ಸದಾ ಮಷೀನಿನ ಅಡಿಯಲ್ಲೇ ಹೊರಳಾಡಿಕೊಂಡಿರುತ್ತಿದ್ದ ಅವಳಿಗೆ, ಅಲ್ಲಿ ದಾರ ಸುತ್ತಿಕೊಂಡು ತಿರುಗುವ ಪುಟ್ಟ ಉರುಳೆಯ ಹೆಸರೇ ಬಂತು, ಬಾಬಿನ್ ಎಂದು. ಈ ಬಾಬಿನ್‌ಗೆ ಟೈಫಾಯ್ಡ್ ಬಂತು. ಬಂದದ್ದು ಹೋಯಿತು ಅನ್ನುವಷ್ಟರಲ್ಲಿ ಮರುಕಳಿಸಿತು. ಕೊನೆಗೆ ಹಾಸಿಗೆ ಬಿಟ್ಟು ಎದ್ದಾಗ ಕೂದಲು ಉದುರಿ, ಕಾಲುಗಳು ಕಡ್ಡಿಯಾಗಿ, ಶಾಲೆಯ ಪರೀಕ್ಷೆಗಳೂ ಮುಗಿದುಹೋಗಿದ್ದವು.

"ರಜೆ ಮುಗಿಯೋ ಮುಂಚೆ ಅವಳೊಬ್ಬಳಿಗೇ ಒಂದು ಪರೀಕ್ಷೆ ಇಡ್ತೀನಿ," ಎಂದರು ಕ್ಲಾಸ್ ಟೀಚರು. "ಓದೋದು, ಕಳೆಯೋ ಲೆಕ್ಕ, ಅಳತೆ. ಇಷ್ಟು ಬಂದ್ರೆ ಮೇಲಿನ ಕ್ಲಾಸು. ಇಲ್ಲಾಂದ್ರೆ ಎರಡನೇ ಕ್ಲಾಸಲ್ಲೇ ಇನ್ನೊಂದು ವರ್ಷ ಕೂರ್ಲಿ. ಮಗೂಗೂ ಒಳ್ಳೇದು."

ಮಗುವಿಗೆ ಅದು ಒಳ್ಳೆಯದಾಗಿ ಕಾಣಲಿಲ್ಲ. "ನನ್ನ ಬೆಂಚಿನವರೆಲ್ಲ ಮೇಲೆ ಹೋಗ್ತಾರೆ, ನಾನು ಚಿಕ್ಕವರ ಜೊತೆ ಕೂರ್ಬೇಕಾ?" ಎಂದು ಕೇಳಿ ಮುಖ ಮುಚ್ಚಿಕೊಂಡು ಮಲಗಿಬಿಟ್ಟಳು. ಊಟಕ್ಕೂ ಏಳಲಿಲ್ಲ. ತಂಗಿ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಜ್ವರದಲ್ಲಿ ಬೇಯುತ್ತಿದ್ದ ಮಗುವಿನ ಪಕ್ಕದಲ್ಲಿ ಗಡಿಬಿಡಿಯಕ್ಕನಿಂದ ಏನೂ ಮಾಡಲಾಗಿರಲಿಲ್ಲ. ಈಗ ಮಾಡಬಹುದಾದ ಕೆಲಸವೊಂದು ಸಿಕ್ಕಿತ್ತು.

"ಅಳೋದ್ಯಾಕೆ? ನಂಗೆ ಬಿಡು. ಇವಳನ್ನ ನಾನು ರೆಡಿ ಮಾಡಿ ಕೊಡ್ತೀನಿ," ಎಂದಳು, ಪ್ಯಾಂಟಿನ ಬಟ್ಟೆ ತೆಗೆದುಕೊಂಡ ಹಾಗೆ.

ಅಲ್ಲಿಂದ ಶುರುವಾಯಿತು ನೋಡಿ ಪಾಠ. ಮೇಜಿನ ಒಂದು ತುದಿಯಲ್ಲಿ ಕತ್ತರಿ, ಇನ್ನೊಂದು ತುದಿಯಲ್ಲಿ ಬಾಬಿನ್‌ನ ಪುಸ್ತಕ. "ಮೂರರಲ್ಲಿ ಏಳು ಹೋಗಲ್ಲ, ಪಕ್ಕದ ಮನೆಯಿಂದ ಹತ್ತು ತಂದ್ವಿ, ಹದಿಮೂರಾಯ್ತು, ಏಳು ಹೋಯ್ತು, ಆರು. ಗೊತ್ತಾಯ್ತಾ?"

"ಗೊತ್ತಾಯ್ತು."

"ಈ ಪುಟ ಓದಿದ್ಯಾ? ಗೊತ್ತಾಯ್ತಾ?"

"ಗೊತ್ತಾಯ್ತು."

ಗಡಿಬಿಡಿಯಕ್ಕ ಹಿಗ್ಗಿಹೋದಳು. ಬಟ್ಟೆ ಕೊಡಲು ಬಂದವರಿಗೆಲ್ಲ, "ನಮ್ಮ ಬಾಬಿನ್ ತಲೆ ಅಂದ್ರೆ ತಲೆ ಕಣ್ರೀ, ಒಂದು ಸಲ ಹೇಳಿದ್ರೆ ಸಾಕು" ಎಂದು ಸಾರಿದಳು. ಅಳತೆಯ ಪಾಠಕ್ಕಂತೂ ಪುಸ್ತಕವನ್ನೇ ಮುಟ್ಟಲಿಲ್ಲ. ಟೈಲರ್ ಮನೆಯ ಮಗುವಿಗೆ ಅಳತೆಯನ್ನು ಬೇರೆ ಕಲಿಸಬೇಕೇ? ಯೂನಿಫಾರಂ ಹೊಲಿಸಲು ಬಂದ ಮಕ್ಕಳ ತೋಳಿಗೆ, ಸೊಂಟಕ್ಕೆ ಟೇಪು ಹಿಡಿದು ಒಂದೊಂದೇ ಸಂಖ್ಯೆ ಕೂಗಿದಳು, ಬಾಬಿನ್ ಸೀಮೆಸುಣ್ಣದಲ್ಲಿ ಸ್ಲೇಟಿನ ಮೇಲೆ ಬರೆದುಕೊಂಡಳು. ಒಂದು ಸಂಖ್ಯೆಯೂ ತಪ್ಪಲಿಲ್ಲ.

ಪರೀಕ್ಷೆಗೆ ಮೊದಲು ಒಮ್ಮೆ ನೋಡೋಣ ಎಂದು ಟೀಚರು ಇಬ್ಬರನ್ನೂ ಕರೆಸಿದರು. ಬಾಬಿನ್ ಕೈಗೆ ಸ್ಕೇಲು ಕೊಟ್ಟು ಪೆನ್ಸಿಲು, ಡಸ್ಟರು, ಪುಸ್ತಕ ಎಲ್ಲವನ್ನೂ ಅಳೆಸಿದರು. ಒಂದಾದರೂ ಸರಿ ಬರಬೇಡವೇ? ಎಲ್ಲವೂ ಎರಡೆರಡು ಜಾಸ್ತಿ.

"ಅಲ್ಲ ಪುಟ್ಟಾ, ಪೆನ್ಸಿಲು ಎಲ್ಲಿಗೆ ಮುಗಿದಿದೆ ನೋಡು. ನೀನು ಬರೆದಿರೋದು ಎಷ್ಟು?"

"ಮುಗಿದಿರೋದು ಅಲ್ಲಿಗೇ ಮೇಡಂ," ಎಂದಳು ಬಾಬಿನ್ ತಗ್ಗಿದ ದನಿಯಲ್ಲಿ. "ಆದ್ರೆ ಹೊಲಿಗೆಗೆ ಒಂದು ಬಿಡಬೇಕಲ್ವಾ? ಬೆಳೆಯೋದಕ್ಕೆ ಇನ್ನೊಂದು."

ಟೀಚರಿಗೆ ನಗು ತಡೆಯಲಾಗಲಿಲ್ಲ. ಗಡಿಬಿಡಿಯಕ್ಕ ನಾಲಿಗೆ ಕಚ್ಚಿಕೊಂಡಳು. ಅಂಗಡಿಯಲ್ಲಿ ಅವಳು ಎಂದೂ ಇದ್ದ ಅಳತೆಯನ್ನು ಕೂಗಿದವಳೇ ಅಲ್ಲ. ಮಡಿಕೆಗೆ, ಬೆಳೆಯುವ ಮೈಗೆ ಎಷ್ಟು ಬಿಡಬೇಕೋ ಅಷ್ಟನ್ನು ಕೂಡಿಸಿಯೇ ಕೂಗುತ್ತಿದ್ದಳು. ಕಳೆಯುವ ಲೆಕ್ಕದ ಕಥೆಯೂ ಅಷ್ಟೇ ಆಯಿತು. ಪಕ್ಕದ ಮನೆಯಿಂದ ಹತ್ತು ತಂದ ಮೇಲೆ ಪಕ್ಕದ ಮನೆಯಲ್ಲಿ ಒಂದು ಕಡಿಮೆಯಾಗುತ್ತದೆ ಎನ್ನುವುದೇ ಮಗುವಿಗೆ ತಿಳಿದಿರಲಿಲ್ಲ.

ಟೀಚರು ನಗು ನಿಲ್ಲಿಸಿ ಹೇಳಿದರು: "ತಪ್ಪಾಗಿದ್ದಕ್ಕೆ ನನಗೆ ಚಿಂತೆ ಇಲ್ಲ ಕಣ್ರೀ. ಬರಲ್ಲ ಅನ್ನೋದನ್ನ ಇವಳು ಬಾಯಿಬಿಟ್ಟು ಹೇಳೋದೇ ಇಲ್ಲ. ಕೇಳದೇ ಇರೋ ಮಗೂನ ಮೇಲಿನ ಕ್ಲಾಸಿಗೆ ಹ್ಯಾಗೆ ಕಳಿಸ್ಲಿ?"

ಮನೆಯ ದಾರಿಯಲ್ಲಿ ಗಡಿಬಿಡಿಯಕ್ಕನ ಸಿಟ್ಟು ನೆತ್ತಿಗೇರಿತ್ತು. ಸಿಟ್ಟು ತನ್ನ ಮೇಲೋ ಮಗುವಿನ ಮೇಲೋ ಅವಳಿಗೇ ತಿಳಿಯದು. "ಗೊತ್ತಾಯ್ತು ಗೊತ್ತಾಯ್ತು ಅಂತ ಕತ್ತು ಆಡಿಸ್ತಿದ್ದೆ. ಗೊತ್ತಾಗ್ಲಿಲ್ಲ ಅಂದಿದ್ರೆ ನಿನ್ನ ಗಂಟೇನು ಹೋಗ್ತಿತ್ತೇ?"

ಬಾಬಿನ್ ತಲೆ ತಗ್ಗಿಸಿದಳು. "ಗೊತ್ತಾಯ್ತಾ ಅಂತ ಕೇಳುವಾಗ ನಿನ್ನ ಕಾಲು ಅಲ್ಲಾಡ್ತಿರುತ್ತೆ ದೊಡ್ಡಮ್ಮ."

"ಏನಂದೆ?"

"ಮೇಜಿನ ಕೆಳಗೆ. ಮಷೀನು ಇಲ್ಲದಿದ್ರೂ ತುಳೀತಾ ಇರುತ್ತೆ. ನಾನು ಗೊತ್ತಾಯ್ತು ಅಂದ್ರೆ ನಿಲ್ಲುತ್ತೆ."

ದಡದಡ ನಡೆಯುತ್ತಿದ್ದ ಗಡಿಬಿಡಿಯಕ್ಕ ದಾರಿಯ ನಡುವೆಯೇ ನಿಂತು ತನ್ನ ಕಾಲುಗಳನ್ನು ನೋಡಿಕೊಂಡಳು.

ಮರುದಿನದಿಂದ ಹಟ ಹಿಡಿದು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು, ಕಾಲು ಅಲ್ಲಾಡದಿರಲಿ ಎಂದು. ಕಾಲು ಸುಮ್ಮನಾಯಿತು, ಬೆರಳು ನೆಲ ಕುಟ್ಟತೊಡಗಿತು. ಬೆರಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡರೆ ಕಣ್ಣು ಗೋಡೆಯ ಯೂನಿಫಾರಂಗಳ ಮೇಲೆ ಓಡಿತು. ಹುಟ್ಟುಗುಣ, ಎಲ್ಲಿ ಹೋಗುತ್ತದೆ! ಪಕ್ಕದ ಮನೆಯ ಒಂದು ಕಡಿಮೆಯಾಗುವುದನ್ನು ಗುಂಡಿಗಳನ್ನು ಇಟ್ಟು, ಎತ್ತಿ ತೋರಿಸಿದಳು. ಸ್ಕೇಲಿನಲ್ಲಿ ಇದ್ದದ್ದನ್ನು ಇದ್ದಷ್ಟೇ ಓದಿಸಿದಳು. ಮಗು ಕಲಿತದ್ದೂ ನಿಜ. ಆದರೆ ನಡುವೆ ಎಲ್ಲಾದರೂ ತೊಡಕಾದರೆ ಬಾಬಿನ್ ಒಮ್ಮೆ ತಲೆಯೆತ್ತಿ ದೊಡ್ಡಮ್ಮನ ಮುಖ ನೋಡುತ್ತಿದ್ದಳು. ಆಮೇಲೆ ಮೆಲ್ಲಗೆ, "ಗೊತ್ತಾಯ್ತು."

ಪರೀಕ್ಷೆಯ ದಿನ ಬಂದೇಬಿಟ್ಟಿತು. ರಜೆಯ ಶಾಲೆ ಭಣಗುಡುತ್ತಿತ್ತು. ಟೀಚರು ಬಾಬಿನ್‌ನ ಕೈ ಹಿಡಿದು ತರಗತಿಯೊಳಗೆ ಕರೆದುಕೊಂಡು, "ನಿಮಗೆ ಕೆಲಸ ಇರುತ್ತೆ, ಹೋಗಿ ಬನ್ನಿ" ಎಂದು ಬಾಗಿಲು ಮುಂದೆ ಮಾಡಿಕೊಂಡರು. ಕೆಲಸವೇನೋ ಬೆಟ್ಟದಷ್ಟಿತ್ತು, ಶಾಲೆ ಶುರುವಾಗುವ ಕಾಲವಲ್ಲವೇ. ಗಡಿಬಿಡಿಯಕ್ಕ ದಡದಡ ಗೇಟಿನ ತನಕ ಹೋದಳು. ಅಲ್ಲಿಂದಾಚೆ ಹೆಜ್ಜೆ ಏಳಲಿಲ್ಲ. ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು, ಕಳ್ಳಿಯ ಹಾಗೆ ಸದ್ದಿಲ್ಲದೆ ವಾಪಸು ಬಂದು ತರಗತಿಯ ಗೋಡೆಗೆ ಒರಗಿಸಿದ್ದ ಬೆಂಚಿನ ಮೇಲೆ ಕೂತಳು.

ಕೂತಳು ಎಂದು ಹೇಳುವುದು ಸುಲಭ. ಮುಳ್ಳಿನ ಮೇಲೆ ಕೂತ ಹಾಗಿತ್ತು ಅವಳ ಪಾಡು. ಒಳಗೆ ಮಗು ತಡವರಿಸುತ್ತ ಓದುವುದು ಕೇಳಿಸಿತು. ಒಂದು ಪದದಲ್ಲಿ ಸಿಕ್ಕಿಕೊಂಡಾಗ ಬಾಗಿಲು ತೆರೆದು ಹೇಳಿಕೊಟ್ಟುಬಿಡಲೇ ಅನ್ನಿಸಿ ತುಟಿ ಕಚ್ಚಿಕೊಂಡಳು. ಶಾಲೆಯ ಆಯಾ ಪೊರಕೆ ಹಿಡಿದು ಬಂದವಳು, "ಏನಕ್ಕಾ, ಮೈಗೆ ಹುಷಾರಿಲ್ವಾ? ಇಷ್ಟು ಸುಮ್ಮನೆ ಕೂತಿದ್ದೀರಲ್ಲ" ಎಂದು ಕೇಳಿದಳು. ಗಡಿಬಿಡಿಯಕ್ಕ ಬಾಯಿಯ ಮೇಲೆ ಬೆರಳಿಟ್ಟು ಅವಳನ್ನು ಅತ್ತ ಕಳಿಸಿದಳು.

ಆಮೇಲೆ ಒಳಗಿನಿಂದ ಏನೂ ಕೇಳಿಸಲಿಲ್ಲ. ಎಷ್ಟು ಹೊತ್ತಾದರೂ ಇಲ್ಲ. ಮಗು ಅಲ್ಲೇ ಎಲ್ಲೋ ತೊಡಕಿಕೊಂಡಿದೆ, ಈಗ ಕತ್ತು ಆಡಿಸಿ ಎಲ್ಲ ಹಾಳುಮಾಡುತ್ತದೆ ಎಂದು ಇವಳ ಜೀವ ಬಾಯಿಗೆ ಬಂತು. ಅಷ್ಟರಲ್ಲಿ ಬಾಬಿನ್‌ನ ದನಿ, ಸ್ಪಷ್ಟವಾಗಿ:

"ಮೇಡಂ, ಇದು ಗೊತ್ತಾಗ್ಲಿಲ್ಲ. ಇನ್ನೊಂದ್ಸಲ ಹೇಳ್ತೀರಾ?"

ಗಡಿಬಿಡಿಯಕ್ಕನ ಕಣ್ಣು ತುಂಬಿ ಬಂತು. ಟೀಚರು ಹೇಳಿಕೊಟ್ಟದ್ದು, ಮಗು ಮತ್ತೆ ಕೇಳಿದ್ದು, ಮತ್ತೆ ಹೇಳಿಕೊಟ್ಟದ್ದು ಎಲ್ಲವನ್ನೂ ಉಸಿರು ಬಿಗಿಹಿಡಿದು ಕೇಳಿದಳು. ತಾನು ಕಷ್ಟಪಟ್ಟು ಸುಮ್ಮನೆ ಕೂತದ್ದೇ ಹೇಗೋ ಗೋಡೆಯ ಆಚೆ ಮಗುವಿಗೆ ಧೈರ್ಯವಾಗಿ ತಲುಪಿತು ಎಂದು ಅವಳಿಗೆ ಅನ್ನಿಸಿತು. ಹೆಮ್ಮೆಯೇ ಆಯಿತು ಅನ್ನಿ.

ಬಾಗಿಲು ತೆರೆಯಿತು. ಬಾಬಿನ್ ಬ್ಯಾಗು ಎಳೆದುಕೊಂಡು ಹೊರಗೆ ಬಂದಳು. ಹಿಂದೆಯೇ ಬಂದ ಟೀಚರು, "ಮೂರನೇ ಕ್ಲಾಸಿಗೆ ಹೊಸ ಯೂನಿಫಾರಂ ಹೊಲೀರಿ" ಎಂದು ನಕ್ಕು ಆಫೀಸಿನ ಕಡೆ ಹೋದರು.

ಮಗುವಿನ ಮುಖ ಅರಳಿತ್ತು. ಬೆಂಚಿನ ಮೇಲೆ ದೊಡ್ಡಮ್ಮನನ್ನು ಕಂಡದ್ದೇ ಅದು ಕೊಂಚ ಬಾಡಿತು. "ನೀನು ಇಲ್ಲೇ ಇದ್ಯಾ? ಅಂಗಡಿಗೆ ಹೋಗಿದ್ದೀಯ ಅಂದ್ಕೊಂಡಿದ್ದೆ," ಎಂದಳು. "ಯಾರೂ ಕಾಯ್ತಾ ಇಲ್ವಲ್ಲ ಅಂತ ನಿಧಾನಕ್ಕೆ ಮಾಡ್ದೆ. ತುಂಬಾ ಹೊತ್ತಾಯ್ತಾ ನೀನು ಬಂದು?"

ಗಡಿಬಿಡಿಯಕ್ಕ ಕೈಯಲ್ಲಿದ್ದ ಚಪ್ಪಲಿಯನ್ನು ನೆಲಕ್ಕಿಟ್ಟು ಮೆಟ್ಟಿಕೊಂಡಳು.

"ಇಲ್ಲ ಕಣೇ," ಎಂದಳು. "ಈಗಷ್ಟೇ ಬಂದೆ."