ಇಟಲಿ ರೈಲಿನಲ್ಲಿ ತಾಳಮದ್ದಳೆ

ಕುಂದಾಪುರದ ನಾಣಿಗೆ ಮಲೇಷ್ಯಾದ ಬಾಂಗ್ಸಾರಿನಲ್ಲಿ ಒಳ್ಳೆಯ ಕೆಲಸ, ಒಳ್ಳೆಯ ಮನೆ, ಜಾಣೆ ಮಗಳು, ಎಲ್ಲ ಇತ್ತು. ಇಲ್ಲದ್ದು ವಾದಕ್ಕೊಬ್ಬ ಎದುರಾಳಿ. ಊರಿನಲ್ಲಿ ತಾಳಮದ್ದಳೆಯ ಅರ್ಥ ಹೇಳಿ ಬೆಳೆದವನು ಅವನು. ಅಲ್ಲಿ ವೇಷವಿಲ್ಲ, ಬಣ್ಣವಿಲ್ಲ. ಕೂತಲ್ಲೇ ಒಬ್ಬ ಕೃಷ್ಣನಾಗಿ, ಇನ್ನೊಬ್ಬ ಕೌರವನಾಗಿ ಮಾತಿಗೆ ಮಾತು ಕೊಡಬೇಕು. ಮೈಸೂರಿನ ನನ್ನನ್ನೂ ಒಮ್ಮೆ ಎದುರು ಕೂರಿಸಿ ನೋಡಿದ. ಎರಡನೇ ಮಾತಿಗೇ ನಾನು, "ಬಿಡೋ ಮಾರಾಯ, ನೀನೇ ಗೆದ್ದೆ" ಎಂದುಬಿಟ್ಟೆ. ಹಾಗೆ ಗೆದ್ದರೆ ಅವನಿಗೆ ಅಳುವೇ ಬರುತ್ತಿತ್ತು. ಮಗಳು ಇಂಚರಳ ಮಾತಂತೂ ಬೇಡ. ಅಪ್ಪ ಕನ್ನಡದಲ್ಲಿ ಪುರಾಣವನ್ನೇ ಬಿಚ್ಚಿದರೂ ಅವಳ ಉತ್ತರ ಇಲ್ಲಿನವರ ಧಾಟಿಯಲ್ಲಿ ಒಂದೇ, "ಓಕೆ ಲಾ."

ಕಳೆದ ತಿಂಗಳು ಬ್ರಿಕ್‌ಫೀಲ್ಡ್ಸ್‌ನಲ್ಲಿ ನಮ್ಮ ಕನ್ನಡದವರ ಸಿನಿಮಾ ಸಂಜೆ. ಚಿತ್ರ ಆರಿಸಿದ್ದು ನಾಣಿ: ಇಟಲಿಯ ಹಳೇ ಕಪ್ಪು-ಬಿಳುಪು ಹಾಸ್ಯಚಿತ್ರ, ಪೂರ್ತಿ ರೈಲಿನೊಳಗೇ ನಡೆಯುವಂಥದ್ದು. ಪುಣ್ಯಾತ್ಮ ಪೋಸ್ಟರ್ ನೋಡಿ ಕುಣಿದನೇ ಹೊರತು ಸಬ್‌ಟೈಟಲ್ ಇದೆಯೇ ಎಂದು ನೋಡಲಿಲ್ಲ. ತೆರೆಯ ಮೇಲೆ ಇಟಾಲಿಯನ್ ಮಾತಿನ ಸುರಿಮಳೆ. ನಮ್ಮ ಮುಖಗಳೆಲ್ಲ ಸಪ್ಪೆ. ಹಿಂದಿನ ಸಾಲಿನ ಧನುಷ್ ಎದ್ದೇಬಿಟ್ಟ.

"ಬನ್ರೀ, ಮಮಕ್ ಅಂಗಡೀಲಿ ಏನಾದ್ರೂ ತಿನ್ನೋಕೆ ತಪಾವ್ ಕಟ್ಟಿಸ್ಕೊಂಡು ಮನೆಗೆ ಹೋಗೋಣ."

"ಹ್ವಾಯ್, ಕೂತ್ಕಣಿ ಮಾರಾಯ್ರೆ!"

ನಾಣಿ ಸಿನಿಮಾದ ದನಿ ಅಡಗಿಸಿ ತೆರೆಯ ಪಕ್ಕ ನಿಂತ. ಟಿಕೆಟ್ ಇಲ್ಲದೆ ಓಡಾಡುವ ಹುಡುಗನಿಗೂ ಅವನೇ ದನಿ, ಬೆನ್ನಟ್ಟುವ ಟಿ.ಸಿ.ಗೂ ಅವನೇ. "ಎಲವೋ ಪುಕ್ಕಟೆ ಪಯಣಿಗನೇ, ಸೀಟಿನಡಿ ಅಡಗಿ ನನ್ನ ಕಣ್ಣಿಗೆ ಮಣ್ಣೆರಚುವೆಯಾ?" ಸಭೆ ಬಿದ್ದು ಬಿದ್ದು ನಕ್ಕಿತು. ಖುಷಿಗೆ ನನಗಂತೂ ಕೂತಲ್ಲಿ ಕೂರಲಾಗಲಿಲ್ಲ!

ಅಷ್ಟರಲ್ಲಿ ಮದುವೆಯ ಉಡುಪಿನಲ್ಲೇ ಓಡಿಬಂದ ಹುಡುಗಿಯೊಬ್ಬಳು ರೈಲು ಹತ್ತಿದಳು. ಅವಳ ಬಳಿಯೂ ಟಿಕೆಟ್ ಇಲ್ಲ. "ಎಲೌ ತರುಣಿ, ಮುಂದಿನ ನಿಲ್ದಾಣದಲ್ಲಿ ಇಳಿ!" ಎಂದು ನಾಣಿಯ ಟಿ.ಸಿ. ಗುಡುಗಿದ. ತೆರೆಯ ಮೇಲೆ ಹುಡುಗಿಯ ತುಟಿ ಅಲುಗಿತು. ನಾಣಿ ದನಿ ಸಣ್ಣ ಮಾಡಿಕೊಳ್ಳುವ ಮೊದಲೇ ಮುಂದಿನ ಸಾಲಿನಿಂದ, ತಡವರಿಸುವ ಕನ್ನಡದಲ್ಲಿ, ಉತ್ತರ ಬಂತು.

"ನಂಗೆ ಟಿಕೆಟ್ ಇಲ್ಲ, ಸರಿ. ನನ್ನ ಕೇಳ್ದೇ ಹಸೆಮಣೆ ಹತ್ತಿಸಿದವ್ರನ್ನ ಯಾವ ಸ್ಟೇಷನ್‌ನಲ್ಲಿ ಇಳಿಸ್ತೀರಿ?"

ಇಂಚರ! ಸಭೆ ಚಪ್ಪಾಳೆಯನ್ನೂ ಮರೆತು ನಾಣಿಯ ಕಡೆ ತಿರುಗಿತು. ಅವನು ಕಣ್ಣು ತುಂಬಿಕೊಂಡು, ಟಿ.ಸಿ.ಯ ಠೀವಿಯಲ್ಲೇ ಮಗಳಿಗೆ ಕೈ ಮುಗಿದ.

"ಸೋತೆ ತಾಯೀ! ಆದ್ರೆ ನಿಲ್ದಾಣಕ್ಕೆ ಇನ್ನೂ ದೂರ ಉಂಟು. ಮಾತಾಡು, ಮಾತಾಡು!"