ಓಣಿಯ ಆ ಒಬ್ಬಾಕಿ

ಗದ್ವಾಲದಲ್ಲಿ ನಾನು ಕೋಣೆ ತೆರೆದು ಕೂತ ಮೊದಲ ವಾರ ಕಾಯಿಲೆಯವರು ಒಬ್ಬರೂ ಬರಲಿಲ್ಲ. ಹೆಂಗಸರು ಬಂದರು, ಬೇಕಾದಷ್ಟು ಬಂದರು. ಆದರೆ ಅವರಲ್ಲಿ ಯಾರಿಗೂ ಏನೂ ಆಗಿರಲಿಲ್ಲ. ಬಾಗಿಲು ಹಾಕಿಸಿ, ಫ್ಯಾನಿನ ಕೆಳಗೆ ಕೂತು, ಸೆರಗಿನಿಂದ ಮುಖ ಒರೆಸಿಕೊಂಡು ಹೇಳುತ್ತಿದ್ದರು: “ನಂದಲ್ರೀ ಡಾಕ್ಟ್ರವ್ವಾ. ನಮ್ಮ ಓಣ್ಯಾಗ ಒಬ್ಬಾಕಿ ಅದಾಳ. ಆಕಿಗೆ ಕೆಮ್ಮಿದ್ರ ಸೀರಿ ಹಸಿ ಆಗ್ತೈತಂತ.”

“ಹಾಗಾದರೆ ಅವರನ್ನೇ ಕರೆದುಕೊಂಡು ಬನ್ನಿ” ಎಂದು ನಾನು ಕಳಿಸಿಬಿಡುತ್ತಿದ್ದೆ. ಯಾರೂ ಕರೆತರಲಿಲ್ಲ. ಕುಂದಾಪುರದಿಂದ ಬಂದ ನನಗೆ ಇದು ಅರ್ಥವೇ ಆಗಲಿಲ್ಲ. ನಮ್ಮ ಕಡೆಯ ಹೆಂಗಸರು ಆಸ್ಪತ್ರೆಯ ಬೆಂಚಿನಲ್ಲಿ ಪಕ್ಕ ಕೂತವರಿಗೆ ತಮ್ಮ ಗರ್ಭಕೋಶದ ಕಥೆಯನ್ನೆಲ್ಲ ಹೇಳಿ ಮುಗಿಸಿಯೇ ಒಳಗೆ ಬರುವವರು. ಇಲ್ಲಿಯವರು ನನ್ನ ಸಮಯ ಹಾಳುಮಾಡಲು ಬರುತ್ತಾರೆಂದೇ ನಾನು ಸಿಡುಕಿದೆ.

ಇದನ್ನು ಈಗ ಬರೆಯಲು ಕಾರಣವಿದೆ. ಊರಿನಿಂದ ಫೋನು ಮಾಡುವ ನೀವೆಲ್ಲ ಒಂದೇ ಮಾತು ಕೇಳುತ್ತೀರಿ: ಮಗು ಹೋದ ಮೇಲೂ ಅಲ್ಲೇ ಯಾಕೆ ಕೂತಿದ್ದೀ, ಬಂದುಬಿಡು. ಬಂದುಬಿಡಬೇಕೋ ಬೇಡವೋ ಎಂದು ನನಗೂ ಬಗೆಹರಿದಿಲ್ಲ. ಬಗೆಹರಿಯದೆ ಇರುವುದು ಯಾಕೆಂದು ಹೇಳಲು ಪ್ರಯತ್ನಿಸುತ್ತೇನೆ.

ನಾನು ಇಲ್ಲಿಗೆ ಬಂದಾಗ ತೆಲಂಗಾಣ ಬೇರೆ ರಾಜ್ಯವಾಗಿ ಹೆಚ್ಚು ಕಾಲವಾಗಿರಲಿಲ್ಲ. ಬಸ್ಸುಗಳ ಮೈಮೇಲೆ ಹಳೆಯ ರಾಜ್ಯದ ಅಕ್ಷರ ಹೊಸ ಬಣ್ಣದ ಅಡಿಯಿಂದ ಇಣುಕುತ್ತಿತ್ತು. ನನ್ನ ಗಂಡ ಬಸವರಾಜ ಮಖ್ತಲ್ ಕಡೆಯವರು, ಮಂಗಳೂರಿನಲ್ಲಿ ಓದುವಾಗ ಪರಿಚಯವಾದವರು. ಅವರಿಗೆ ಗದ್ವಾಲದ ಕಾಲೇಜಿನಲ್ಲಿ ಕೆಲಸ ಸಿಕ್ಕಿತು. ನನ್ನ ಕೆಲಸ ಫಿಸಿಯೋಥೆರಪಿ, ಅದರಲ್ಲೂ ಹೆಂಗಸರದ್ದು. ಹೆರಿಗೆಯಿಂದಲೋ, ಭಾರ ಎತ್ತಿಯೋ, ಓಡಿ ಜಿಗಿದೋ ಸೊಂಟದ ಕೆಳಗಿನ ಒಳಸ್ನಾಯುಗಳು ಸಡಿಲವಾದರೆ ವ್ಯಾಯಾಮ ಕಲಿಸಿ ಅವನ್ನು ಮತ್ತೆ ಗಟ್ಟಿ ಮಾಡಿಸುವುದು. ಒಂದು ನರ್ಸಿಂಗ್ ಹೋಮಿನವರು ಮೂಲೆಯ ಕೋಣೆ ಕೊಟ್ಟರು.

ಮನೆ ಸಿಕ್ಕಿದ್ದು ಮಲ್ಲಮ್ಮ ಎಂಬವರ ಮಾಳಿಗೆಯಲ್ಲಿ. ಬಾಡಿಗೆಗೆ ಇಲ್ಲಿ ಕಿರಾಯಿ ಅನ್ನುತ್ತಾರೆ. ಮಲ್ಲಮ್ಮ ಲಿಂಗ ಕಟ್ಟುವವರು, ಆದ್ದರಿಂದ ಮೊದಲ ದಿನವೇ “ಮೀನದ ವಾಸನಿ ಮಾತ್ರ ಮ್ಯಾಲಿಂದ ಬರಬಾರ್ದು ನೋಡವ್ವಾ” ಎಂದರು. ಸಮುದ್ರದ ಮಗ್ಗುಲಲ್ಲಿ ಬೆಳೆದವಳಿಗೆ ಹೇಳುವ ಮಾತೇ ಅದು? ಆಸೆ ತಡೆಯಲಾರದೆ ಹೋದ ದಿನ ಬಸವರಾಜ ನನ್ನನ್ನು ಜೂರಾಲ ಅಣೆಕಟ್ಟಿಗೆ ಕರೆದೊಯ್ಯುತ್ತಿದ್ದರು. ಅಲ್ಲಿ ಹುರಿದ ಹೊಳೆ ಮೀನು ಸಿಗುತ್ತದೆ. ಖಾರ ಚೆನ್ನಾಗಿರುತ್ತದೆ, ಆದರೆ ಅದರಲ್ಲಿ ಕಡಲಿಲ್ಲ. ರೊಟ್ಟಿ, ಪುಂಡಿಪಲ್ಲೆಯನ್ನು ನಾಲಿಗೆ ಬೇಗ ಒಪ್ಪಿತು. ಮಾತು ಒಪ್ಪುವುದು ತಡವಾಯಿತು. ಅರ್ಧ ವಾಕ್ಯ ಕನ್ನಡದಲ್ಲಿ ಶುರುವಾಗಿ ತೆಲುಗಿನಲ್ಲಿ ಮುಗಿಯುತ್ತಿತ್ತು. ನನ್ನ ಕನ್ನಡ ಕೇಳಿ ತರಕಾರಿಯವಳು ನಗುತ್ತಿದ್ದಳು.

ಓಣಿಯ ಆ ಒಬ್ಬಾಕಿಯ ವಿಷಯ ಬಿಡಿಸಿ ಹೇಳಿದವರು ಮಲ್ಲಮ್ಮನೇ. ನಾನು ದೂರು ಹೇಳಿಕೊಂಡಾಗ ಅವರು ಶೇಂಗಾ ಸುಲಿಯುತ್ತ ಕೂತಿದ್ದರು.

“ನೀ ಯಾಕ ಆಕಿನ್ನ ಕರೀತಿ? ಆಕಿ ಬಂದೇ ಕುಂತಾಳಲ್ಲ” ಎಂದರು. “ತನ್ನದಂತ ಹ್ಯಾಂಗ ಹೇಳ್ತಾರವ್ವಾ? ಇಲ್ಲದಾಕಿಗೆ ಹೇಳಿದಂಗ ಹೇಳು. ಕೇಳಾಕಿ ಕೇಳ್ತಾಳ.”

ಹಾಗೇ ಮಾಡಿದೆ. “ಅವಳಿಗೆ ಹೇಳಿ, ಮೂತ್ರ ತಡೆಯುವಾಗ ಹೇಗೋ ಹಾಗೆ ಒಳಗಿಂದ ಮೇಲಕ್ಕೆ ಎಳೆದು ಹಿಡಿಯಬೇಕು, ಉಸಿರು ಮಾತ್ರ ಕಟ್ಟಬಾರದು. ಒದ್ದೆಯಾಗುತ್ತದೆ ಎಂದು ಹೆದರಿ ನೀರು ಕುಡಿಯುವುದನ್ನು ಬಿಡಬಾರದು.” ಎದುರಿಗೆ ಕೂತವರು ತಲೆಯಾಡಿಸುತ್ತಿದ್ದರು. ಅವರ ಹೊಟ್ಟೆಯ ಮೇಲೆ ಕಣ್ಣಿಟ್ಟರೆ ಅಲ್ಲೇ ಅಭ್ಯಾಸ ನಡೆದಿರುವುದು ಗೊತ್ತಾಗುತ್ತಿತ್ತು. “ಸರಿಯಾಗಿ ತೋರಿಸ್ರಿ, ಆಕಿಗೆ ಹೋಗಿ ಹೇಳಬೇಕಲ್ಲ” ಎಂದು ಚಾಪೆಯ ಮೇಲೆ ತಾವೇ ಮಲಗುತ್ತಿದ್ದರು. ಪರೀಕ್ಷೆಯೂ ಆ ಇಲ್ಲದವಳ ಹೆಸರಿನಲ್ಲೇ ಆಗುತ್ತಿತ್ತು.

ಹಾಗೆ ಬಂದವಳು ರೇಣುಕಾ. ತವರು ಧರೂರು, ಕೊಟ್ಟಿದ್ದು ಮಖ್ತಲ್ ಪಕ್ಕದ ನನ್ನ ಮಾವನವರ ಊರಿಗೇ, ಆದ್ದರಿಂದ ನಮ್ಮತ್ತೆಯೇ ಅವಳನ್ನು ಕಳಿಸಿದ್ದರು. ಶಾಲೆಯಲ್ಲಿ ಕಬಡ್ಡಿ ಆಡಿದವಳು, ಮದುವೆಗೆ ಮುಂಚೆ ಬೀಜದ ಹತ್ತಿಯ ಹೊಲದಲ್ಲಿ ದಿನವಿಡೀ ಬಗ್ಗಿ ಹೂವಿಗೆ ಹೂವು ಮುಟ್ಟಿಸಿ ಪರಾಗ ಕೂಡಿಸುವ ಕೆಲಸ ಮಾಡಿದವಳು. ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಕೂಸನ್ನು ತಾಯಿಯ ಕೈಗೆ ಕೊಟ್ಟು ಒಳಗೆ ಬಂದು, “ನಮ್ಮ ನೆಗೆಣ್ಣಿ ಒಬ್ಬಾಕಿ ಅದಾಳಕ್ಕಾ. ಬಿಂದಿಗಿ ಎತ್ತಿದ್ರ ತಡಿಯಾಕ ಆಗವಲ್ದು” ಎಂದಳು. ತಿಂಗಳುಗಟ್ಟಲೆ ಆ ನೆಗೆಣ್ಣಿಯ, ಅಂದರೆ ವಾರಗಿತ್ತಿಯ, ಪರವಾಗಿ ವ್ಯಾಯಾಮ ಮಾಡಿದಳು. ಒಂದು ದಿನ ನರ್ಸಿಂಗ್ ಹೋಮಿನ ಹಿಂದಿನ ಅಂಗಳದಲ್ಲಿ ಸೀರೆ ಕಚ್ಚೆ ಹಾಕಿ, ಕಬಡ್ಡಿಯ ಗೆರೆ ದಾಟುವಂತೆ ಜಿಗಿದು ನಿಂತು, “ಆಕಿ ಈಗ ಜಿಗೀತಾಳಕ್ಕಾ” ಎಂದಳು. ನಾವಿಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಾನು ಆಗ ಬಸುರಿ. ಈ ಊರಿನಲ್ಲಿ ನನಗೊಂದು ಜಾಗ ಸಿಕ್ಕಿತು ಅನ್ನಿಸಿದ್ದು ಅವತ್ತೇ.

ಎಂಟನೆಯ ತಿಂಗಳಲ್ಲಿ ನನ್ನ ಮಗುವಿನ ಅಲುಗಾಟ ನಿಂತಿತು. ಯಾರ ತಪ್ಪೂ ಇರಲಿಲ್ಲ, ತಪ್ಪು ಹುಡುಕಿ ಹುಡುಕಿ ನಾನು ಸೋತಿದ್ದೇನೆ. ಹೆಣ್ಣು. ತಲೆತುಂಬ ಕೂದಲಿತ್ತು. ಬಸವರಾಜ ಮತ್ತು ಮಾವನವರು ಅವಳನ್ನು ಬಟ್ಟೆಯಲ್ಲಿ ಸುತ್ತಿ ತಮ್ಮ ಊರಿಗೆ ಒಯ್ದು ಹೊಲದ ಬದುವಿನ ಬೇವಿನ ಮರದ ಬುಡದಲ್ಲಿ ಮಣ್ಣು ಮಾಡಿದರು. ನನ್ನನ್ನು ಕರೆದೊಯ್ಯಲಿಲ್ಲ. ಹಡೆದವಳು ಹೋಗಬಾರದಂತೆ.

ಮೈಗೆ ಇದು ಯಾವುದೂ ತಿಳಿಯಲಿಲ್ಲ. ಎದೆಯಲ್ಲಿ ಹಾಲು ಬಂತು. ಕೆಮ್ಮಿದರೆ ನನ್ನ ಬಟ್ಟೆಯೂ ಒದ್ದೆಯಾಯಿತು. ಊರಿಗೆಲ್ಲ ಕಲಿಸಿದ ವ್ಯಾಯಾಮವನ್ನು ನಾನು ಮಾಡಲಿಲ್ಲ. ಗಟ್ಟಿಯಾಗಿ ಆಗಬೇಕಾದ್ದು ಏನಿದೆ ಎಂದು ಸುಮ್ಮನೆ ಮಲಗಿರುತ್ತಿದ್ದೆ. ಮಲ್ಲಮ್ಮ ಮೆಟ್ಟಿಲು ಹತ್ತಿ ಬಂದು ಮಂಚದ ಕೆಳಗೆ ಕೆಂಡದ ಬಾಣಲೆ ಇಟ್ಟರು. ಬೇಡ ಎಂದೆ. “ಕೂಸು ಇಲ್ಲಂದ್ರೂ ನೀ ಬಾಣಂತಿನೇ ಅದೀಯವ್ವಾ” ಎಂದು ಹಳೆಯ ಸೀರೆ ಹರಿದು ನನ್ನ ಹೊಟ್ಟೆ ಕಟ್ಟಿದರು. ಬಾಣಂತಿಗೆ ಕೆಂಡ ಬೇಡ, ಬಿಗಿ ಕಟ್ಟಬಾರದು ಎಂದು ಇವರೊಂದಿಗೇ ಎಷ್ಟೋ ಸಲ ವಾದ ಮಾಡಿದ್ದೆ. ಅವತ್ತು ಅವರು ಕಟ್ಟುವಾಗ ಅತ್ತೆ.

ಕುಂದಾಪುರದಿಂದ ಅಮ್ಮ ಬಂದರು. ಗಂಜಿ ಮಾಡಿಕೊಟ್ಟರು, ತಲೆಗೆ ಎಣ್ಣೆ ಹಚ್ಚಿದರು, ಮಗುವಿನ ಮಾತು ಮಾತ್ರ ಎತ್ತಲಿಲ್ಲ. ಹೊಲಿದಿಟ್ಟಿದ್ದ ಪುಟ್ಟ ಬಟ್ಟೆಗಳೆಲ್ಲ ನನಗೆ ಕಾಣದಂತೆ ಎಲ್ಲಿಗೋ ಹೋದವು. ನಮ್ಮಲ್ಲಿ ಪ್ರೀತಿ ಇರುವುದೇ ಹಾಗೆ. ಬೆಂಚಿನ ಮೇಲೆ ಗರ್ಭಕೋಶದ ಕಥೆ ಹೇಳುವ ನಾವು ಇದೊಂದನ್ನು ಹೇಳಲಾರೆವು. ಹೊರಡುವಾಗ ಅಮ್ಮ, “ನೀನೂ ಬಾ ಮಗಾ, ಇಲ್ಲಿ ನಿನ್ನವ್ರ್ ಯಾರಿದ್ರ್?” ಎಂದರು. ಇನ್ನೂ ಸುಸ್ತು ಎಂದು ಉಳಿದೆ.

ಅಮ್ಮ ಹೋದ ಮೇಲೆ, ಅಷ್ಟರಲ್ಲಿ ಗಂಡನ ಊರಿಗೆ ಮರಳಿದ್ದ ರೇಣುಕಾ ಬಂದಳು. ಅವಳ ಕೂಸು ತಂದಿರಲಿಲ್ಲ. ಅದೂ ಲೆಕ್ಕ ಹಾಕಿಯೇ ಎಂದು ನನಗೆ ಗೊತ್ತಾಯಿತು. ನೆಲದ ಮೇಲೆ ಕೂತು, ನನ್ನ ಮುಖ ನೋಡದೆ, ಚಾಪೆಯ ಅಂಚು ಸವರುತ್ತ ಕೇಳಿದಳು:

“ಅಕ್ಕಾ, ಇಲ್ಲಿ ಓಣ್ಯಾಗ ಒಬ್ಬಾಕಿ ಅದಾಳ. ಆಕಿ ಕೂಸು ಹೋತಂತ. ಆಕಿಗೆ ಹ್ಯಾಂಗ ಐತಿ?”

ನನಗೆ ಬಾಯಿ ಬಂತು. ಅವಳಿಗೆ ಹಾಲು ನಿಲ್ಲುತ್ತಿಲ್ಲ ಎಂದೆ. ಬೇರೆ ಮಕ್ಕಳು ಅತ್ತರೆ ಅವಳ ಬಟ್ಟೆ ನೆನೆಯುತ್ತದೆ, ಅವಳು ಆ ಮಕ್ಕಳನ್ನೂ ಅವರ ತಾಯಂದಿರನ್ನೂ ಶಪಿಸುತ್ತಾಳೆ, ನಿನ್ನನ್ನೂ ಶಪಿಸಿದ್ದಾಳೆ ಎಂದೆ. ಅವಳಿಗೆ ಮಗಳ ಕೂದಲು ನೆನಪಿದೆ, ಮುಖ ಮರೆಯುತ್ತಿದೆ ಎಂದೆ. ಮರ ಯಾವುದು ಎಂದು ಕೂಡ ಅವಳು ನೋಡಿಲ್ಲ.

ರೇಣುಕಾ ಎಲ್ಲವನ್ನೂ ಕೇಳಿಸಿಕೊಂಡಳು. “ಶಾಪ ಹಾಕ್ಲಿ ಬಿಡ್ರಿ, ನಮಗೇನೂ ಹತ್ತಂಗಿಲ್ಲ. ಮರ ನಾ ನೋಡೀನಕ್ಕಾ. ಹತ್ತಿ ಬಿಡಿಸಾಕ ಅದೇ ಹಾದ್ಯಾಗ ಹೋಗ್ತೀವಿ. ಛಲೋ ನೆರಳೈತಿ, ಆಕಿಗೆ ಹೇಳ್ರಿ” ಎಂದಳು. ಆಮೇಲೆ ಚಾಪೆಯ ಮೇಲೆ ಮಲಗಿ, ಮೊಣಕಾಲು ಮಡಚಿ, “ಆಕಿಗೆ ಹಿಂಗ ಮಾಡು ಅಂತನೂ ಹೇಳ್ರಿ. ಮೇಲಕ್ಕ ಎಳದು ಹಿಡಿ. ಉಸಿರು ಕಟ್ಟಬ್ಯಾಡ” ಎಂದು ನನ್ನ ಮಾತನ್ನೇ ನನಗೆ ಕಲಿಸಿದಳು. ನಾನು ಪಕ್ಕದಲ್ಲಿ ಮಲಗಿ ಮಾಡಿದೆ.

ಈಗ ಮತ್ತೆ ಕೆಲಸಕ್ಕೆ ಹೋಗುತ್ತೇನೆ. ಹೆಂಗಸರು ಹೊರಡುವಾಗ ನನಗೆ “ಪೈಲಂ” ಅನ್ನುತ್ತಾರೆ. ಜೋಪಾನ ಎಂದು ಈ ಕಡೆಯ ತೆಲುಗಿನಲ್ಲಿ. ಮೊದಲು ಹಾಗೆ ಅನ್ನುತ್ತಿರಲಿಲ್ಲ.

ಮೊನ್ನೆ ಅಮ್ಮನಿಗೆ ಫೋನಿನಲ್ಲಿ ಹೇಳಲು ನೋಡಿದೆ. “ಇಲ್ಲಿ ಒಬ್ಬಳಿದ್ದಾಳಮ್ಮ. ಅವಳಿಗೆ ಇನ್ನೂ ನಿದ್ದೆಯಲ್ಲಿ ಮಗು ಅತ್ತ ಹಾಗೆ ಕೇಳುತ್ತದೆ” ಎಂದೆ.

“ಯಾರೋ ಹೆಂಗ್ಸಿನ್ ಸುದ್ದಿ ಎಂತಕ್ಕೆ ಮಗಾ? ನಿಂದ್ ಹೇಳ್ ಕಾಂಬ” ಎಂದರು ಅಮ್ಮ.

ನನ್ನದು ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಇಲ್ಲಿ ಬಿಸಿಲು ಜಾಸ್ತಿ ಎಂದೆ. ಅಮ್ಮ ಮತ್ತೆ ಬಾ ಎಂದರು. ಕಡಲು, ಅಮ್ಮನ ಕೈಯ ಗಂಜಿ ಎಲ್ಲ ಕಣ್ಣ ಮುಂದೆ ಬಂದು ಬರುತ್ತೇನೆ ಎಂದುಬಿಟ್ಟೆ. ಎಷ್ಟು ದಿನಕ್ಕೆ ಎಂದು ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ರೇಣುಕಾಗೆ ತಿಳಿಸಿದೆ: ಆ ಒಬ್ಬಾಕಿಯನ್ನು ತಾಯಿ ಕರೆಯುತ್ತಿದ್ದಾರೆ, ಹೋಗಲೋ ಬೇಡವೋ ಅನ್ನುತ್ತಿದ್ದಾಳೆ, ಬೇವಿನ ಮರ ಬಿಟ್ಟು ಹೋಗಲು ಅವಳಿಗೆ ಕಾಲು ಬರುತ್ತಿಲ್ಲ.

ರೇಣುಕಾ, “ಹೋಗಿ ಬಾ ಅಂತ ಹೇಳ್ರಿ ಆಕಿಗೆ” ಎಂದಳು. “ಬರೂತನಕ ಕೂಸಿನ್ನ ನಾ ನೋಡ್ಕೋತೀನಂತ ಹೇಳ್ರಿ.”

ಹೇಳುತ್ತೇನೆ ಎಂದೆ.